ಪುಣೆಯ ಫ್ಲ್ಯಾಟಿನೊಳಗೆ ಕ್ರೋಟನ್ ಬೆಳೆಸುವುದು ಹೇಗೆ? ಎಲೆ ಉದುರುವುದೇಕೆ, ಬಣ್ಣ ಮಾಸುವುದೇಕೆ?

ಪುಣೆ: ಜನವರಿ ಕೊನೆಯ ವಾರದಲ್ಲಿ ಎಂಪ್ರೆಸ್ ಗಾರ್ಡನ್‌ನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಬರಿಗೈಯಲ್ಲಿ ವಾಪಸ್ ಬರುವುದು ಕಡಿಮೆ. ಕೆಂಪು, ಹಳದಿ, ಕಿತ್ತಳೆ ಬಣ್ಣಗಳು ಒಂದೇ ಎಲೆಯ ಮೇಲೆ ಚೆಲ್ಲಿದಂತಿರುವ ಕ್ರೋಟನ್ ಗಿಡ ಕಣ್ಣಿಗೆ ಬಿದ್ದರಂತೂ ಕೈ ತಾನಾಗಿಯೇ ಪರ್ಸ್‌ಗೆ ಹೋಗುತ್ತದೆ. ಮನೆಗೆ ತಂದು ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟರೆ ಮೊದಲ ವಾರ ಚೆಂದ. ಎರಡನೇ ವಾರ ಕೆಳಗಿನ ಎಲೆಗಳು ಜೋಲುತ್ತವೆ. ಮೂರನೇ ವಾರ ಬೆಳಗ್ಗೆ ಎದ್ದು ನೋಡಿದರೆ ನೆಲದ ಮೇಲೆ ಹತ್ತು ಎಲೆ, ಗಿಡದ ಮೇಲೆ ನಾಲ್ಕು. ಫೆಬ್ರುವರಿ ಮುಗಿಯುವ ಹೊತ್ತಿಗೆ ಬೋಳು ಕಡ್ಡಿಯೊಂದು ಸೊಸೈಟಿಯ ಕಸದ ಡಬ್ಬಿ ಸೇರಿರುತ್ತದೆ.

ಬೇಸರದ ಸಂಗತಿ ಎಂದರೆ, ಹೀಗೆ ಎಸೆದ ಗಿಡಗಳಲ್ಲಿ ಬಹಳಷ್ಟು ಸತ್ತಿರುವುದೇ ಇಲ್ಲ.

ಕರಾವಳಿಯಿಂದ ಬಂದು ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಇನ್ನೂ ಅರ್ಥವಾಗದ ವಿಷಯ. ಉಡುಪಿ, ಮಂಗಳೂರು, ಕಾಸರಗೋಡಿನ ಕಡೆ ಕ್ರೋಟನ್ ಎಂದರೆ ಅಂಗಳದ ಬೇಲಿ. ಕೊಂಬೆ ಕಡಿದು ಮಳೆಗಾಲದಲ್ಲಿ ಚುಚ್ಚಿಬಿಟ್ಟರೆ ಸಾಕು, ಮತ್ತೆ ಯಾರೂ ಅದರತ್ತ ತಿರುಗಿ ನೋಡುವುದಿಲ್ಲ. ಅದೇ ಗಿಡ ಪುಣೆಯ ಎಂಟನೇ ಮಹಡಿಯ ಫ್ಲ್ಯಾಟಿನಲ್ಲಿ ಯಾಕೆ ಇಷ್ಟು ರಗಳೆ ಮಾಡುತ್ತದೆ? ಉತ್ತರ ಇರುವುದು ಗಿಡದಲ್ಲಿ ಅಲ್ಲ, ಗಾಳಿಯಲ್ಲಿ ಮತ್ತು ಕಿಟಕಿಯಲ್ಲಿ.

ಹೆಸರಿನ ಗೊಂದಲ

ನಾವು ಕ್ರೋಟನ್ ಎಂದು ಕರೆಯುವ ಗಿಡದ ಸಸ್ಯಶಾಸ್ತ್ರೀಯ ಹೆಸರು ಕೋಡಿಯಮ್ ವೇರಿಗೇಟಮ್. 1753ರಲ್ಲಿ ಲಿನ್ನೇಯಸ್ ಇದನ್ನು ಕ್ರೋಟನ್ ಕುಲಕ್ಕೆ ಸೇರಿಸಿದ್ದ. ಆಮೇಲೆ ವಿಜ್ಞಾನಿಗಳು ಬೇರೆ ಕುಲಕ್ಕೆ ವರ್ಗಾಯಿಸಿದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು. ನಿಜವಾದ ಕ್ರೋಟನ್ ಕುಲದಲ್ಲಿರುವುದು ಆಯುರ್ವೇದದಲ್ಲಿ ಕಡು ಭೇದಿಮದ್ದು ಎಂದು ಹೆಸರಾದ ಜಾಪಾಳ. ಮರಾಠಿ, ಹಿಂದಿಯವರು ಜಮಾಲಗೋಟಾ ಎನ್ನುವುದು ಅದನ್ನೇ. ಎರಡೂ ಹರಳು ಗಿಡದ ಕುಟುಂಬಕ್ಕೆ ಸೇರಿದ ದೂರದ ನೆಂಟರು, ಒಂದೇ ಗಿಡವಲ್ಲ.

ಕೋಡಿಯಮ್‌ನ ತವರು ಇಂಡೋನೇಷ್ಯಾ, ಮಲೇಷ್ಯಾದಿಂದ ಉತ್ತರ ಆಸ್ಟ್ರೇಲಿಯಾ ಮತ್ತು ಪೆಸಿಫಿಕ್‌ನ ಪಶ್ಚಿಮ ದ್ವೀಪಗಳವರೆಗಿನ ಪ್ರದೇಶ. ವರ್ಷವಿಡೀ ಬೆಚ್ಚಗಿನ ಹವೆ, ಗಾಳಿಯಲ್ಲಿ ಸದಾ ತೇವ, ಚಳಿ ಎಂಬುದೇ ಇಲ್ಲ. ನಮ್ಮ ಕರಾವಳಿಯೂ ಹೆಚ್ಚುಕಡಿಮೆ ಹೀಗೆಯೇ. ಪುಣೆ ಹಾಗಲ್ಲ. ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಒಳಮಗ್ಗುಲಲ್ಲಿರುವ ಊರು ಇದು. ಡಿಸೆಂಬರ್-ಜನವರಿಯ ರಾತ್ರಿ ಉಷ್ಣಾಂಶ 10-12 ಡಿಗ್ರಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ 38-40 ಡಿಗ್ರಿ, ಗಾಳಿ ಒಣಒಣ. ಬೆಳಗಾವಿ, ಧಾರವಾಡದಿಂದ ಬಂದವರಿಗೆ ಇದು ಪರಿಚಿತ ಹವೆ, ಕ್ರೋಟನ್‌ಗೆ ಅಲ್ಲ.

ತಂದ ಕೂಡಲೇ ಎಲೆ ಉದುರುವುದೇಕೆ?

ಪುಣೆ-ಸೋಲಾಪುರ ಹೆದ್ದಾರಿಯಲ್ಲಿ ಉರುಳಿ ಕಾಂಚನ್ ಸುತ್ತಮುತ್ತ ಸಾಲುಸಾಲು ನರ್ಸರಿಗಳಿವೆ. ನಗರದ ಅಂಗಡಿಗಳಿಗೆ ಬರುವ ಗಿಡಗಳಲ್ಲಿ ದೊಡ್ಡ ಪಾಲು ಈ ಕಡೆಯಿಂದಲೇ ಬರುತ್ತದೆ. ಅಲ್ಲಿ ಕ್ರೋಟನ್ ಬೆಳೆಯುವುದು ಹಸಿರು ನೆರಳು ಬಲೆಯ ಕೆಳಗೆ. ಮೇಲಿನಿಂದ ಸೋಸಿದ ಬೆಳಕು ದಿನವಿಡೀ ಸಿಗುತ್ತದೆ, ಸುತ್ತ ಸಾವಿರಾರು ಗಿಡಗಳು ಒತ್ತೊತ್ತಾಗಿ ಇರುವುದರಿಂದ ಗಾಳಿಯೂ ತೇವವಾಗಿರುತ್ತದೆ. ಅಲ್ಲಿಂದ ಒಮ್ಮೆಗೇ ಕೋಣೆಯ ಮೂಲೆಗೆ ಬಂದಾಗ ಬೆಳಕು ಹತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಅಷ್ಟೊಂದು ಎಲೆಗಳನ್ನು ಸಾಕುವ ಶಕ್ತಿ ಗಿಡಕ್ಕೆ ಇರುವುದಿಲ್ಲ. ಹಾಗಾಗಿ ಹಳೆಯ ಎಲೆಗಳನ್ನು ಕಳಚಿಕೊಂಡು, ಹೊಸ ಜಾಗಕ್ಕೆ ಹೊಂದುವಷ್ಟು ಮಾತ್ರ ಉಳಿಸಿಕೊಳ್ಳುತ್ತದೆ. ಇದು ರೋಗವಲ್ಲ, ಖರ್ಚು ಕಡಿಮೆ ಮಾಡಿಕೊಳ್ಳುವ ಉಪಾಯ.

ತೊಂದರೆ ಶುರುವಾಗುವುದು ಇಲ್ಲಿಂದ ಮುಂದೆ. ಎಲೆ ಉದುರಿತು ಎಂದ ಕೂಡಲೇ ಮನೆಯವರು ನೀರು ಹೆಚ್ಚಿಸುತ್ತಾರೆ. ಎಲೆಯೇ ಇಲ್ಲದ ಗಿಡ ನೀರು ಕುಡಿಯುವುದಿಲ್ಲ. ಮಣ್ಣು ಕೆಸರಾಗಿ ಬೇರು ಕೊಳೆಯುತ್ತದೆ. ಇನ್ನು ಕೆಲವರು ಗೊಬ್ಬರ ಹಾಕುತ್ತಾರೆ, ಕುಂಡ ಬದಲಿಸುತ್ತಾರೆ, ಇವತ್ತು ಬಾಲ್ಕನಿ ನಾಳೆ ಬೆಡ್‌ರೂಮ್ ಎಂದು ತಿರುಗಿಸುತ್ತಾರೆ. ಪ್ರತಿ ಬದಲಾವಣೆಗೂ ಗಿಡ ಇನ್ನಷ್ಟು ಎಲೆ ಬಿಡುತ್ತದೆ. ಮೊದಲ ಒಂದು ತಿಂಗಳು ಏನೂ ಮಾಡದಿರುವುದೇ ಒಳ್ಳೆಯ ಆರೈಕೆ. ಒಳ್ಳೆಯ ಬೆಳಕಿರುವ ಜಾಗ ಹುಡುಕಿ ಇಟ್ಟು ಬಿಡಬೇಕು, ಮಣ್ಣಿನ ಮೇಲ್ಭಾಗ ಒಣಗಿದಾಗಷ್ಟೇ ನೀರು ಕೊಡಬೇಕು.

ಗಿಡ ಬದುಕಿದೆಯೋ ಇಲ್ಲವೋ ತಿಳಿಯಲು ಕಾಂಡವನ್ನು ಉಗುರಿನಿಂದ ಸ್ವಲ್ಪವೇ ಗೀರಿ ನೋಡಿ. ಒಳಗೆ ಹಸಿರು ಇದ್ದರೆ ಜೀವ ಇದೆ. ಕಂದು ಬಣ್ಣವಾಗಿ ಒಣಗಿದ್ದರೆ ಇನ್ನೂ ಕೆಳಗೆ ಗೀರಿ, ಹಸಿರು ಸಿಗುವ ಜಾಗದ ಸ್ವಲ್ಪ ಮೇಲೆ ಕತ್ತರಿಸಿ. ಬೋಳು ಕಡ್ಡಿಯಿಂದಲೂ ಐದಾರು ವಾರಗಳಲ್ಲಿ ಹೊಸ ಚಿಗುರು ಬರುವುದುಂಟು.

ಇನ್ನೊಂದು ಮಾತು. ಪ್ರದರ್ಶನ ಜನವರಿಯಲ್ಲಿ ಇರುತ್ತದೆ ನಿಜ, ಆದರೆ ಕ್ರೋಟನ್ ಮನೆಗೆ ತರಲು ವರ್ಷದಲ್ಲಿ ಅತಿ ಕೆಟ್ಟ ಕಾಲವೂ ಅದೇ. ರಾತ್ರಿಯ ಚಳಿ ಮತ್ತು ಜಾಗ ಬದಲಾವಣೆ ಎರಡೂ ಒಟ್ಟಿಗೆ ಬೀಳುತ್ತವೆ. ಅಲ್ಲಿ ನೋಡಿ, ಹೆಸರು ಬರೆದುಕೊಂಡು, ಜೂನ್ ಕೊನೆಯಲ್ಲಿ ಕೊಂಡರೆ ಗಿಡ ಉಳಿಯುವ ಸಾಧ್ಯತೆ ಹೆಚ್ಚು.

ಬೆಳಕೇ ಬಣ್ಣ

ಕ್ರೋಟನ್ ಎಲೆಯಲ್ಲಿ ಹಸಿರಿಗೆ ಕ್ಲೋರೋಫಿಲ್, ಹಳದಿ-ಕಿತ್ತಳೆಗೆ ಕೆರೋಟಿನಾಯ್ಡ್, ಕೆಂಪು-ನೇರಳೆಗೆ ಆಂಥೋಸಯನಿನ್ ಕಾರಣ. ಬೆಳಕು ಚೆನ್ನಾಗಿದ್ದರೆ ಗಿಡ ಕೆಂಪು, ಹಳದಿ ಬಣ್ಣಗಳನ್ನು ಧಾರಾಳವಾಗಿ ತಯಾರಿಸುತ್ತದೆ. ಬೆಳಕು ಕಡಿಮೆಯಾದರೆ ಸಿಗುವ ಚೂರುಪಾರು ಬೆಳಕನ್ನೂ ಹಿಡಿಯಲು ಹಸಿರನ್ನು ಹೆಚ್ಚಿಸಿಕೊಳ್ಳುತ್ತದೆ. ಒಳಗಿಟ್ಟ ಗಿಡದ ಹೊಸ ಎಲೆಗಳು ಬರೀ ಹಸಿರಾಗಿ ಬರುತ್ತಿವೆ ಎಂದರೆ ಅದು 'ನನಗೆ ಬೆಳಕು ಸಾಲದು' ಎನ್ನುತ್ತಿದೆ ಎಂದೇ ಅರ್ಥ. ಇದಕ್ಕೆ ಗೊಬ್ಬರ ಮದ್ದಲ್ಲ. ಸಾರಜನಕ ಹೆಚ್ಚಾದರೆ ಎಲೆ ಇನ್ನಷ್ಟು ಹಸಿರಾಗುತ್ತದೆ ಅಷ್ಟೇ. ಆದರೆ ಒಂದು ವಿನಾಯಿತಿ ಇದೆ: ಪೆಟ್ರಾದಂತಹ ಹಲವು ತಳಿಗಳಲ್ಲಿ ಎಳೆ ಎಲೆ ಹಸಿರು-ಹಳದಿಯಾಗಿಯೇ ಹುಟ್ಟಿ, ಬಲಿತಂತೆ ಕೆಂಪಾಗುತ್ತದೆ. ಒಂದೆರಡು ತಿಂಗಳು ಕಾದು ನೋಡಿ ತೀರ್ಮಾನಿಸಬೇಕು.

ಹಾಗಾದರೆ ಯಾವ ಕಿಟಕಿ? ಪುಸ್ತಕಗಳಲ್ಲಿ 'ದಕ್ಷಿಣದ ಕಿಟಕಿ' ಎಂದಿರುತ್ತದೆ. ಅವು ಹೆಚ್ಚಾಗಿ ಯುರೋಪ್, ಅಮೆರಿಕದವರಿಗೆ ಬರೆದವು. ಪುಣೆ ಇರುವುದು ಸುಮಾರು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಮಧ್ಯದಲ್ಲಿ ಒಮ್ಮೆ, ಜುಲೈ ಕೊನೆಯ ಹೊತ್ತಿಗೆ ಮತ್ತೊಮ್ಮೆ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಆ ಎರಡೂವರೆ ತಿಂಗಳು ಮಧ್ಯಾಹ್ನದ ಸೂರ್ಯ ಇರುವುದು ಉತ್ತರಕ್ಕೆ. ಅಂದರೆ ದಕ್ಷಿಣದ ಕಿಟಕಿಗೆ ಆಗ ನೇರ ಬಿಸಿಲೇ ಬೀಳುವುದಿಲ್ಲ, ಉತ್ತರದ ಕಿಟಕಿಗೆ ಸ್ವಲ್ಪ ಬೀಳುತ್ತದೆ. ಡಿಸೆಂಬರ್‌ನಲ್ಲಿ ಇದು ಪೂರ್ತಿ ತಿರುಗುಮುರುಗು. ಮಧ್ಯಾಹ್ನದ ಸೂರ್ಯ ದಕ್ಷಿಣ ದಿಕ್ಕಿನಲ್ಲಿ 48 ಡಿಗ್ರಿ ಎತ್ತರದಲ್ಲಷ್ಟೇ ಇರುವುದರಿಂದ ದಕ್ಷಿಣದ ಕಿಟಕಿಯ ಬಿಸಿಲು ಕೋಣೆಯ ಒಳಗಿನವರೆಗೂ ಬರುತ್ತದೆ.

ಈ ಲೆಕ್ಕದಲ್ಲಿ ವರ್ಷವಿಡೀ ನಂಬಬಹುದಾದ್ದು ಪೂರ್ವದ ಕಿಟಕಿ. ಬೆಳಗಿನ ಎರಡು-ಮೂರು ಗಂಟೆಯ ಎಳೆ ಬಿಸಿಲು ಕ್ರೋಟನ್‌ಗೆ ಹೇಳಿ ಮಾಡಿಸಿದ್ದು. ದಕ್ಷಿಣದ ಕಿಟಕಿ ಇದ್ದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿಡಬಹುದು. ಪಶ್ಚಿಮದ ಕಿಟಕಿ ಮಳೆಗಾಲ, ಚಳಿಗಾಲಕ್ಕೆ ಅಡ್ಡಿಯಿಲ್ಲ, ಆದರೆ ಏಪ್ರಿಲ್-ಮೇ ಸಂಜೆಯ ಬಿಸಿಲು ಗಾಜಿನ ಮೂಲಕ ಬಿದ್ದರೆ ಎಲೆಯ ಮೇಲೆ ಸುಟ್ಟ ಕಲೆ ಬೀಳುತ್ತದೆ. ತೆಳು ಬಿಳಿ ಪರದೆ ಎಳೆದರೆ ಸಾಕು. ಉತ್ತರದ ಕಿಟಕಿಯಲ್ಲಿ ಗಿಡ ಬದುಕಬಹುದು, ಬಣ್ಣ ನಿರೀಕ್ಷಿಸಬಾರದು.

ಕಿಟಕಿ ಯಾವುದು ಎಂಬುದಷ್ಟೇ ಮುಖ್ಯ ಎಷ್ಟು ದೂರ ಎಂಬುದು. ಕಿಟಕಿಯಿಂದ ಎರಡು ಅಡಿ ಒಳಗೆ ಬಂದರೇ ಬೆಳಕು ಅರ್ಧದಷ್ಟು ಕುಸಿಯಬಹುದು. ನಮ್ಮ ಕಣ್ಣು ಕತ್ತಲೆಗೆ ಬೇಗ ಹೊಂದಿಕೊಳ್ಳುವುದರಿಂದ ನಮಗೆ ಅದು ಗೊತ್ತಾಗುವುದಿಲ್ಲ. ಹೊಸ ಕಟ್ಟಡಗಳ ಬಣ್ಣದ ಗಾಜು, ಸೊಳ್ಳೆ ಬಲೆ, ಗ್ರಿಲ್, ಮುಂದಿನ ಬಾಲ್ಕನಿಯ ಚಾವಣಿ ಎಲ್ಲವೂ ತಮ್ಮ ಪಾಲು ಕಿತ್ತುಕೊಂಡಿರುತ್ತವೆ. ಸುಲಭ ಪರೀಕ್ಷೆ ಇದು: ಮಧ್ಯಾಹ್ನ ಗಿಡ ಇಡುವ ಜಾಗದಲ್ಲಿ ಬಿಳಿ ಹಾಳೆಯ ಮೇಲೆ ಒಂದು ಅಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿ ಕಂಡರೆ ಆ ಜಾಗ ಸರಿ. ಮಸುಕಾಗಿ ಕಂಡರೆ ಕ್ರೋಟನ್‌ಗೆ ಸಾಲದು. ಅಂಥ ಮನೆಗಳಿಗೆ ಎಲ್‌ಇಡಿ ಗ್ರೋ ಲೈಟ್ ಒಂದು ದಾರಿ. ಗಿಡದ ತುದಿಯಿಂದ ಸುಮಾರು ಒಂದು ಅಡಿ ಮೇಲೆ, ದಿನಕ್ಕೆ 12 ಗಂಟೆ ಉರಿಸಬೇಕು. ಅಷ್ಟೆಲ್ಲ ಬೇಡ ಎನ್ನುವವರು ಕೆಂಪು ಅಗ್ಲೋನಿಮಾ ತಂದುಕೊಳ್ಳುವುದು ಒಳ್ಳೆಯದು. ಕಡಿಮೆ ಬೆಳಕಿನಲ್ಲೂ ಅದು ಬಣ್ಣ ಬಿಟ್ಟುಕೊಡುವುದು ನಿಧಾನ.

ಒಣಗಾಳಿ, ಚಳಿಗಾಳಿ

ಮಾರ್ಚ್‌ನಿಂದ ಮೇ ಕೊನೆವರೆಗೆ ಪುಣೆಯಲ್ಲಿ ಮಧ್ಯಾಹ್ನದ ತೇವಾಂಶ ಎಷ್ಟೋ ದಿನ ಶೇ. 20-30ರ ಮಟ್ಟಕ್ಕೆ ಇಳಿಯುತ್ತದೆ. ಎಲೆಯ ಅಂಚು ಕಂದಾಗಿ ಒಣಗುವುದು ಈಗಲೇ. ಹೆಚ್ಚಿನವರು ಸ್ಪ್ರೇ ಬಾಟಲಿ ಹಿಡಿದು ದಿನಕ್ಕೆರಡು ಸಲ ನೀರು ಸಿಂಪಡಿಸುತ್ತಾರೆ. ತಪ್ಪೇನಿಲ್ಲ, ಆದರೆ ಅದರ ಪರಿಣಾಮ ಹತ್ತಿಪ್ಪತ್ತು ನಿಮಿಷ ಮಾತ್ರ. ಗಿಡಗಳನ್ನು ಗುಂಪಾಗಿ ಇಡುವುದು ಇದಕ್ಕಿಂತ ಮೇಲು. ಪುಣೆಯ ಫ್ಲ್ಯಾಟುಗಳಲ್ಲಿ ಅಡುಗೆಮನೆಗೆ ತಾಗಿ 'ಡ್ರೈ ಬಾಲ್ಕನಿ' ಎಂಬ ಜಾಗ ಇರುತ್ತದೆ. ಹೆಸರು ಡ್ರೈ, ಆದರೆ ಪಾತ್ರೆ-ಬಟ್ಟೆ ತೊಳೆಯುವುದು ಅಲ್ಲೇ ಆದ್ದರಿಂದ ಮನೆಯಲ್ಲೇ ಹೆಚ್ಚು ತೇವ ಇರುವ ಜಾಗ. ಬೆಳಕು ಚೆನ್ನಾಗಿದ್ದರೆ ಬೇಸಿಗೆಯ ಮೂರು ತಿಂಗಳು ಕ್ರೋಟನ್‌ಗೆ ಅದೇ ಸರಿ. ಡೆಸರ್ಟ್ ಕೂಲರ್ ಇರುವ ಕೋಣೆಯೂ ಒಳ್ಳೆಯದೇ, ಗಾಳಿ ನೇರವಾಗಿ ಗಿಡಕ್ಕೆ ಬಡಿಯಬಾರದಷ್ಟೇ. ಎಸಿ ಇದಕ್ಕೆ ತದ್ವಿರುದ್ಧ. ಅದು ತೇವಾಂಶ ಹೀರುತ್ತದೆ, ತಣ್ಣನೆಯ ಗಾಳಿಯನ್ನೂ ಬೀಸುತ್ತದೆ.

ಚಳಿಗಾಲದಲ್ಲಿ 15 ಡಿಗ್ರಿಗಿಂತ ಕೆಳಗಿನ ರಾತ್ರಿಗಳನ್ನು ಕ್ರೋಟನ್ ಸಹಿಸುವುದು ಕಷ್ಟ. ಕೋಣೆ ಬೆಚ್ಚಗಿದ್ದರೂ ಕಿಟಕಿ ಗಾಜಿನ ಅಂಚು ತಣ್ಣಗಿರುತ್ತದೆ. ಡಿಸೆಂಬರ್ ಮತ್ತು ಜನವರಿಯಲ್ಲಿ ರಾತ್ರಿ ಸ್ಲೈಡಿಂಗ್ ಕಿಟಕಿ ಮುಚ್ಚಿ, ಎಲೆ ಗಾಜಿಗೆ ತಾಗದಂತೆ ಕುಂಡವನ್ನು ಒಂದು ಗೇಣು ಒಳಗೆ ಸರಿಸಿದರೆ ಸಾಕು.

ನೀರು ಎಷ್ಟು, ಯಾವ ನೀರು?

ಎಂಟು ಇಂಚಿನ ಕುಂಡಕ್ಕೆ ಏಪ್ರಿಲ್-ಮೇನಲ್ಲಿ ಎರಡು-ಮೂರು ದಿನಕ್ಕೊಮ್ಮೆ, ಮೋಡ ಕವಿದ ಜುಲೈ-ಆಗಸ್ಟ್‌ನಲ್ಲಿ ವಾರಕ್ಕೊಮ್ಮೆ, ಚಳಿಗಾಲದಲ್ಲಿ ಐದಾರು ದಿನಕ್ಕೊಮ್ಮೆ ನೀರು ಬೇಕಾಗಬಹುದು. ಇದು ಅಂದಾಜು ಮಾತ್ರ. ಬೆರಳನ್ನು ಒಂದು ಇಂಚು ಮಣ್ಣಿನೊಳಗೆ ತೂರಿಸಿ ನೋಡುವುದಕ್ಕಿಂತ ಒಳ್ಳೆಯ ಮಾಪಕ ಇಲ್ಲ. ಮೇಲೆ ಒಣಗಿದ್ದರೆ ಕುಂಡದ ತಳದಿಂದ ನೀರು ಹರಿಯುವಷ್ಟು ಕೊಡಿ, ಇಲ್ಲದಿದ್ದರೆ ಬಿಡಿ.

ಖಡಕ್‌ವಾಸಲಾ ಅಣೆಕಟ್ಟೆಯಿಂದ ಬರುವ ನಲ್ಲಿ ನೀರು ಗಿಡಕ್ಕೆ ತಕ್ಕದ್ದೇ. ಊರಂಚಿನ ಹೊಸ ಬಡಾವಣೆಗಳ ಕತೆ ಬೇರೆ. ಅಲ್ಲಿ ಎಷ್ಟೋ ಸೊಸೈಟಿಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿವೆ. ಕಪ್ಪು ಬಸಾಲ್ಟ್ ಬಂಡೆಯೊಳಗಿನ ಈ ನೀರು ಗಡಸು. ಕೆಲವು ತಿಂಗಳಲ್ಲೇ ಮಣ್ಣಿನ ಮೇಲೆ, ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟುತ್ತದೆ, ಎಲೆಯ ತುದಿ ಸುಡುತ್ತದೆ. ಸಾಫ್ಟನರ್ ಹಾಕಿದ ನೀರು ಪರಿಹಾರವಲ್ಲ, ಅದರಲ್ಲಿ ಸೋಡಿಯಂ ಹೆಚ್ಚು. ಮಳೆಗಾಲದಲ್ಲಿ ಕುಂಡವನ್ನು ಒಂದೆರಡು ದಿನ ಬಾಲ್ಕನಿಯಲ್ಲಿ ಮಳೆಗೆ ಒಡ್ಡಿದರೆ ಸೇರಿದ ಉಪ್ಪು ತೊಳೆದು ಹೋಗುತ್ತದೆ, ಎಲೆ ಮೇಲಿನ ಧೂಳೂ ಹೋಗುತ್ತದೆ.

ಕುಂಡದ ಕೆಳಗಿನ ತಟ್ಟೆಯ ಬಗ್ಗೆ ಮಾತ್ರ ಉದಾಸೀನ ಬೇಡ. ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತ ಸೊಳ್ಳೆಯಾಗಲು ಒಂದು ವಾರ-ಹತ್ತು ದಿನ ಸಾಕು. ಮಳೆಗಾಲದಲ್ಲಿ ಪುಣೆ ಮಹಾನಗರಪಾಲಿಕೆಯ ಸಿಬ್ಬಂದಿ ಮನೆಗಳಿಗೆ, ಸೊಸೈಟಿಗಳಿಗೆ ಬಂದು ಇಂಥ ಜಾಗಗಳನ್ನು ನೋಡುತ್ತಾರೆ, ನೋಟಿಸ್ ಕೊಡುತ್ತಾರೆ, ದಂಡವನ್ನೂ ಹಾಕುತ್ತಾರೆ. ನೀರು ಹಾಕಿದ ಅರ್ಧ ಗಂಟೆಯ ನಂತರ ತಟ್ಟೆ ಖಾಲಿ ಮಾಡಿ. ತೂತಿಲ್ಲದ ಚಂದದ ಸೆರಾಮಿಕ್ ಕುಂಡದಲ್ಲಿ ಗಿಡವನ್ನು ಇಳಿಸಿಟ್ಟಿದ್ದರೆ ಅದರ ತಳವನ್ನೂ ನೋಡಿ.

ಮಣ್ಣು ಕೇಳುವಾಗ

ಪುಣೆಯ ನರ್ಸರಿಯಲ್ಲಿ ಕೆಂಪು ಮಣ್ಣಿಗೆ 'ಲಾಲ್ ಮಾತಿ', ಸಗಣಿ ಗೊಬ್ಬರಕ್ಕೆ 'ಶೇಣಖತ', ಎರೆಹುಳು ಗೊಬ್ಬರಕ್ಕೆ 'ಗಾಂಡೂಳ ಖತ' ಎಂದು ಕೇಳಬೇಕು. ಹೂಕುಂಡಕ್ಕೆ ಮರಾಠಿಯಲ್ಲಿ 'ಕುಂಡಿ' ಎನ್ನುತ್ತಾರೆ. ಹೊಸದಾಗಿ ಬಂದ ಕನ್ನಡಿಗರು ನಗು ತಡೆದುಕೊಳ್ಳಬೇಕಾದ ಪದ ಇದು.

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಕೊಪೀಟ್, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಜೊತೆಗೆ ಒಂದು ಹಿಡಿ ದಪ್ಪ ಮರಳು ಅಥವಾ ಪರ್ಲೈಟ್ ಬೆರೆಸಿದರೆ ನೀರು ನಿಲ್ಲುವುದಿಲ್ಲ. ಸುತ್ತಮುತ್ತಲ ಹೊಲಗಳ ಎರೆ ಮಣ್ಣು ಬೇಡವೇ ಬೇಡ. ಜೋಳಕ್ಕೆ ಅದು ಬಂಗಾರ, ಕುಂಡದೊಳಗೆ ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ ಸಾಕು. 19:19:19 ಗೊಬ್ಬರ ಬಳಸುವವರು ಲೀಟರ್ ನೀರಿಗೆ ಒಂದು ಗ್ರಾಂ ಮೀರಬಾರದು. ಚಳಿಗಾಲದಲ್ಲಿ ಯಾವುದೂ ಬೇಡ. ಕುಂಡ ಬದಲಿಸುವುದು ಎರಡು ವರ್ಷಕ್ಕೊಮ್ಮೆ, ಜೂನ್‌ನಲ್ಲಿ.

ಎಲೆಯ ಅಡಿಯಲ್ಲಿ ಯಾರಿದ್ದಾರೆ?

ಒಣ ಬೇಸಿಗೆಯಲ್ಲಿ ಒಳಾಂಗಣದ ಕ್ರೋಟನ್‌ಗೆ ಮುಖ್ಯ ಶತ್ರು ಜೇಡ ನುಸಿ. ಕಣ್ಣಿಗೆ ಕಾಣದಷ್ಟು ಚಿಕ್ಕದು. ಎಲೆಯ ಹೊಳಪು ಹೋಗಿ ಸೂಜಿ ಚುಚ್ಚಿದಂಥ ಮಚ್ಚೆಗಳು, ಎಲೆ-ಕಾಂಡದ ಸಂದಿಯಲ್ಲಿ ನವಿರಾದ ಬಲೆ ಕಂಡರೆ ಅದೇ. ಬಿಳಿ ಕಾಗದವನ್ನು ಕೆಳಗೆ ಹಿಡಿದು ಎಲೆ ತಟ್ಟಿದರೆ ಓಡಾಡುವ ಚುಕ್ಕೆಗಳು ಬೀಳುತ್ತವೆ. ಗಿಡವನ್ನು ಬಾತ್‌ರೂಮಿಗೆ ಒಯ್ದು, ಎಲೆಗಳ ಅಡಿಭಾಗಕ್ಕೆ ಶವರ್‌ನಿಂದ ನೀರು ರಭಸವಾಗಿ ಹೊಡೆಯುವುದು ಅರ್ಧ ಚಿಕಿತ್ಸೆ. ಉಳಿದರ್ಧಕ್ಕೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ದ್ರವ ಸಾಬೂನು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ, ವಾರಕ್ಕೊಮ್ಮೆಯಂತೆ ಮೂರು ವಾರ. ಹತ್ತಿಯಂತೆ ಅಂಟಿಕೊಂಡಿರುವುದು ಹಿಟ್ಟು ತಿಗಣೆ. ಅದನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದಾಗಿ ಒರೆಸಬೇಕು.

ಕಟ್ಟಡ ಕಾಮಗಾರಿಯ ಧೂಳು ಪುಣೆಗೆ ಹೊಸದಲ್ಲ. ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆ ಒರೆಸಿದರೆ ಬೆಳಕೂ ಚೆನ್ನಾಗಿ ಸಿಗುತ್ತದೆ, ಹುಳುವೂ ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ಗಿಡವೇ ಮನೆಯ ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬ ಮಾರಾಟದ ಮಾತನ್ನು ನಂಬಬೇಡಿ. ಈ ಕತೆ ಹುಟ್ಟಿದ್ದು 1989ರ ನಾಸಾ ಪ್ರಯೋಗದಿಂದ. ಅದು ನಡೆದಿದ್ದು ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಅಧ್ಯಯನಗಳನ್ನೆಲ್ಲ ಮರುಪರಿಶೀಲಿಸಿ, ತೆರೆದ ಕಿಟಕಿ ಮಾಡುವ ಕೆಲಸಕ್ಕೆ ಸರಿಸಮವಾಗಲು ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು ಎಂದು ಲೆಕ್ಕ ಹಾಕಿದರು.

ಮಗು, ನಾಯಿ, ಬೆಕ್ಕು ಇರುವ ಮನೆ

ಕ್ರೋಟನ್‌ನ ಸೊನೆ ವಿಷಕಾರಿ. ಎಲೆ ಜಗಿದರೆ ಬಾಯಿ ಉರಿ, ವಾಂತಿ, ಭೇದಿ ಆಗಬಹುದು. ಚರ್ಮಕ್ಕೆ ಪದೇ ಪದೇ ತಾಗಿದರೆ ತುರಿಕೆ, ಕಜ್ಜಿ ಏಳುತ್ತದೆ. ಕಣ್ಣಿಗೆ ಬಿದ್ದರೆ ಉರಿ ಜೋರು. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಬಣ್ಣಬಣ್ಣದ ಎಲೆ ನೆಲಮಟ್ಟದಲ್ಲಿ ಇರಲೇಬಾರದು. ಉದುರಿದ ಎಲೆಗಳನ್ನು ಆಗಾಗ ಎತ್ತಿ ಹಾಕಬೇಕು. ಮಗು ಜಗಿದಿದ್ದು ಕಂಡರೆ ಬಾಯಿಯಲ್ಲಿರುವುದನ್ನು ತೆಗೆದು, ನೀರಿನಿಂದ ಬಾಯಿ ತೊಳೆಸಿ. ವಾಂತಿ ಮಾಡಿಸಲು ಹೋಗಬೇಡಿ. ಒಂದು ಎಲೆಯನ್ನು ಜೊತೆಗಿಟ್ಟುಕೊಂಡು ವೈದ್ಯರ ಬಳಿ ಹೋಗಿ. 'ಕ್ರೋಟನ್' ಎಂದಷ್ಟೇ ಹೇಳಿದರೆ ಜಾಪಾಳ ಎಂದು ತಿಳಿಯುವ ಸಾಧ್ಯತೆ ಇರುವುದರಿಂದ ಎಲೆ ತೋರಿಸುವುದೇ ಸರಿ. ಅಗ್ಲೋನಿಮಾ, ಕೆಲಾಡಿಯಮ್, ಡಿಫೆನ್‌ಬೇಕಿಯಾ ಕೂಡ ಈ ವಿಷಯದಲ್ಲಿ ಸಾಧು ಗಿಡಗಳಲ್ಲ. ಅವುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ, ಕೆಸುವಿನ ಎಲೆ ಬೇಯದಿದ್ದರೆ ಬಾಯಿ ತುರಿಸುವುದು ಇದೇ ಹರಳಿನಿಂದ.

ಒಂದರಿಂದ ಎರಡು

ಗಿಡ ಎತ್ತರವಾಗಿ, ಕೆಳಗೆಲ್ಲ ಬೋಳಾಗಿ, ತುದಿಯಲ್ಲಿ ಮಾತ್ರ ಎಲೆ ಉಳಿದಿದ್ದರೆ ಗೂಟಿ ಕಟ್ಟುವುದು ಒಳ್ಳೆಯ ಉಪಾಯ. ಜೂನ್ ಕೊನೆ ಅಥವಾ ಜುಲೈನಲ್ಲಿ, ತುದಿಯಿಂದ ಸುಮಾರು ಒಂದು ಅಡಿ ಕೆಳಗೆ ಕಾಂಡದ ಸುತ್ತ ಒಂದು ಇಂಚು ಅಗಲ ತೊಗಟೆ ತೆಗೆಯಿರಿ. ಕೈಗವಸು ಹಾಕಿಕೊಂಡೇ ಮಾಡಿ, ಬರುವ ಸೊನೆ ಒರೆಸಿ. ಒದ್ದೆ ಮಾಡಿ ಹಿಂಡಿದ ಪಾಚಿಯನ್ನು ಅಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿದು ಕಟ್ಟಿ. ಐದಾರು ವಾರಗಳಲ್ಲಿ ಪ್ಲಾಸ್ಟಿಕ್‌ನೊಳಗೆ ಬಿಳಿ ಬೇರು ಕಾಣುತ್ತದೆ. ಆಗ ಅದರ ಕೆಳಗೆ ಕತ್ತರಿಸಿ, ಪ್ಲಾಸ್ಟಿಕ್ ಬಿಚ್ಚಿ, ಹೊಸ ಕುಂಡದಲ್ಲಿ ನೆಟ್ಟು ಹದಿನೈದು ದಿನ ನೇರ ಬಿಸಿಲಿಗೆ ಇಡದಿದ್ದರೆ ಆಯಿತು. ಉಳಿದ ಬೋಳು ಕಾಂಡವನ್ನು ಎಸೆಯಬೇಡಿ. ಸೆಪ್ಟೆಂಬರ್ ಹೊತ್ತಿಗೆ ಕತ್ತರಿಸಿದ ಜಾಗದ ಕೆಳಗಿನಿಂದ ಎರಡು-ಮೂರು ಕವಲು ಒಡೆಯುತ್ತವೆ, ಚಳಿ ಶುರುವಾಗುವ ಮೊದಲು ಅವು ಬಲಿಯಲು ಅಷ್ಟು ಸಮಯ ಸಾಕು.